ಬಿರುಕಿನ ಬಿಳಿ ಗೆರೆ ಮತ್ತು ಫೂಟ್ ಸಾಹೇಬರು

ನಮ್ಮ ಜಿಯಾಲಜಿ ಲ್ಯಾಬಿನ ಟ್ರೇನಲ್ಲಿ 17ನೇ ನಂಬರಿನ ಕಲ್ಲೊಂದು ಇದೆ. ಬೂದಿ ಕಲಸಿದ ಹಸಿರು ಬಣ್ಣ, ನಡುವೆ ಹಾಲು ಚೆಲ್ಲಿದಂಗ ಒಂದು ಬಿಳಿ ಗೆರೆ. ಮೂರನೇ ಸೆಮಿಸ್ಟರಿನ ವೈವಾದಲ್ಲಿ ನಾವೆಲ್ಲ ಅದಕ್ಕೆ ಕ್ಲೋರೈಟ್ ಷಿಸ್ಟ್ ಅಂತ ಹೇಳಿ ಮಾರ್ಕ್ಸ್ ತಗೊಂಡೆವು. ಬಿಳಿ ಗೆರೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕ್ವಾರ್ಟ್ಜ್ ಅಂದ್ರ ನಮಗ ಗೊತ್ತು, ಕೆಮಿಕಲ್ ಫಾರ್ಮುಲಾ ಸಮೇತ ಗೊತ್ತು. ಅದಕ್ಕ ಬೆಣಚುಕಲ್ಲು ಅಂತಾರ ಅನ್ನೋದು ಮಾತ್ರ ನಮ್ಮಲ್ಲೊಬ್ಬರ ಅಜ್ಜಿ ಹೇಳಿದ ಮ್ಯಾಲೇ ಗೊತ್ತಾಗಿದ್ದು. ಇಂಗ್ಲಿಷ್ ಮೀಡಿಯಂ ಮಂದಿ ನಾವು, ಏನು ಮಾಡೋದು.

ಅದೇ ಪುಸ್ತಕದಲ್ಲಿ ನಮ್ಮ ಊರಿನ ಹೆಸರೂ ಇತ್ತು. ಧಾರವಾರ್ ಕ್ರೇಟಾನ್, ಧಾರವಾರ್ ಸೂಪರ್‌ಗ್ರೂಪ್. ಆಸ್ಟ್ರೇಲಿಯಾದವರು, ಕೆನಡಾದವರು, ಜಪಾನಿನವರು ಹಳೇ ಕಲ್ಲಿನ ಬಗ್ಗೆ ಬರೆಯುವಾಗ ಈ ಹೆಸರು ಬರೆಯಲೇಬೇಕು. ಪೇಢಾಕ್ಕಿಂತ ದೂರ ಹೋದ ಧಾರವಾಡ ಇದು. ಈ ಹೆಸರು ಇಟ್ಟವರು ಯಾರು ಅಂತ ಹುಡುಕುತ್ತ ಹೋದಾಗ ಸಿಕ್ಕವರು ರಾಬರ್ಟ್ ಬ್ರೂಸ್ ಫೂಟ್. ಅವರ ಕಥೆ ಓದಿದ ಮೇಲೆ 17ನೇ ನಂಬರಿನ ಬಿಳಿ ಗೆರೆಯನ್ನು ಸುಮ್ಮನೆ ಬಿಡೋಕೆ ಆಗಲಿಲ್ಲ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ, ಅಂದರೆ ಈಗಲೂ ನಮ್ಮಲ್ಲಿ ಎಷ್ಟೋ ಜನ ಕನಸು ಕಾಣುವ ಜಿಎಸ್‌ಐ, 1851ರಲ್ಲಿ ಶುರುವಾಗಿತ್ತು. ಅದರ ಮುಖ್ಯಸ್ಥ ಥಾಮಸ್ ಓಲ್ಡ್‌ಹ್ಯಾಮ್. 1858ರಲ್ಲಿ, 24ನೇ ವಯಸ್ಸಿಗೆ ಫೂಟ್ ಈ ಕೆಲಸಕ್ಕೆ ಸೇರಿ ಮದ್ರಾಸ್ ಕಡೆ ಬಂದರು. ನಾವು 24ಕ್ಕೆ ಎಲ್ಲಿರ್ತೀವೋ ಗೊತ್ತಿಲ್ಲ, ಇರಲಿ. ಇಲಾಖೆಗೆ ಬೇಕಾಗಿದ್ದು ಕಲ್ಲಿದ್ದಲು, ಕಬ್ಬಿಣ, ಚಿನ್ನ. ವಿಜ್ಞಾನದ ಮೇಲಿನ ಪ್ರೀತಿಗೆ ಬ್ರಿಟಿಷ್ ಸರ್ಕಾರ ಸಂಬಳ ಕೊಡ್ತಿರಲಿಲ್ಲ. ಮಳೆಗಾಲ ಮುಗಿದು ನೆಲ ಗಟ್ಟಿಯಾದ ಮೇಲೆ ಡೇರೆ, ಸುತ್ತಿಗೆ, ದಿಕ್ಸೂಚಿ ಕಟ್ಟಿಕೊಂಡು ಹೊರಡೋದು, ನಡೆದ ನೆಲದ ಕಲ್ಲನ್ನೆಲ್ಲ ನಕ್ಷೆಗೆ ಏರಿಸೋದು. ಕೆಲಸ ಅಂದರೆ ಅದು.

ಸೇರಿದ ಐದೇ ವರ್ಷಕ್ಕೆ ಅವರ ಹೆಸರು ಪ್ರಪಂಚಕ್ಕೆ ಗೊತ್ತಾಯಿತು, ಅದೂ ಬೇರೆ ಕಾರಣಕ್ಕೆ. 1863ರ ಮೇ 30ರಂದು ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ, ಕವಾಯತು ಮೈದಾನದ ಪಕ್ಕ ಜಲ್ಲಿ ತೆಗೆಯಲು ತೋಡಿದ್ದ ಗುಂಡಿಯೊಳಗೆ ಅವರಿಗೆ ಒಂದು ಕಲ್ಲು ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಒದ್ದು ಮುಂದೆ ಹೋಗ್ತಿದ್ದರು. ಅದರ ಅಂಚನ್ನು ಯಾರೋ ಬೇಕಂತಲೇ ಚಕ್ಕೆ ಎಬ್ಬಿಸಿ ಚೂಪು ಮಾಡಿದ್ದಾರೆ ಅನ್ನೋದು ಫೂಟ್ ಕಣ್ಣಿಗೆ ಬಿತ್ತು. ಅದು ಹಳೆ ಶಿಲಾಯುಗದ ಕೈಗೊಡಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂಗೆ ಹೋದಾಗ ಅಂಥ ಕಲ್ಲುಗಳು ಇನ್ನೂ ಸಿಕ್ಕವು. ಭಾರತದಲ್ಲೂ ಆದಿಮಾನವ ಇದ್ದ ಅನ್ನೋದಕ್ಕೆ ಇವು ಸಾಕ್ಷಿ. ಈಗಿನ ಲೆಕ್ಕದಲ್ಲಿ ಅತ್ತಿರಂಪಾಕ್ಕಂನ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ. ಭಾರತದ ಪ್ರಾಗಿತಿಹಾಸದ ಪಿತಾಮಹ ಅಂತ ಫೂಟ್ ಅವರನ್ನು ಕರೆಯೋದು ಇದಕ್ಕೇ. ಯುಪಿಎಸ್‌ಸಿಗೆ ಓದುವ ಸೀನಿಯರ್‌ಗಳಿಗೆ ಇಷ್ಟು ಗೊತ್ತಿರುತ್ತದೆ. ಅದರಾಚೆ ಇರೋದು ನಮ್ಮ ಊರಿನ ಕಥೆ.

ಮುಂದೆ ಅವರ ಕೆಲಸ ನಮ್ಮ ಕಡೆ ತಿರುಗಿತು. ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳು ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಬ್ರಿಟಿಷರು ಈ ಸೀಮೆಗೆ ಇಟ್ಟ ಹೆಸರು ದಕ್ಷಿಣ ಮರಾಠಾ ದೇಶ. ಕನ್ನಡ ಮಾತಾಡೋ ನೆಲಕ್ಕೆ ಆ ಹೆಸರು ನೋಡಿದರೆ ನಮಗ ಈಗಲೂ ಸಿಟ್ಟು ಬರತೈತಿ. 1876ರಲ್ಲಿ ಬಂದ ಫೂಟ್ ಅವರ ದೊಡ್ಡ ವರದಿಯ ತಲೆಬರಹದಲ್ಲೂ ಅದೇ ಇದೆ. ಆದರೆ ಒಳಗಿನ ಕಲ್ಲುಗಳಿಗೆ ಅವರು ಇಲ್ಲಿನ ಊರುಗಳ ಹೆಸರನ್ನೇ ಇಟ್ಟರು. ಬಾದಾಮಿ ಕಡೆಯ ಮರಳುಗಲ್ಲು, ಸುಣ್ಣಕಲ್ಲುಗಳ ಸಾಲಿಗೆ ಕಲಾದಗಿ ಅಂತ ಹೆಸರಿಟ್ಟಿದ್ದು ಅವರೇ. ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಹಳೆ ಶಿಲಾಯುಗದ ಉಪಕರಣ ಹೆಕ್ಕಿದರು. ಗೋಕಾಕ ಹತ್ತಿರ ಖಡ್ಗಮೃಗದ ಎಲುಬಿನ ಪಳೆಯುಳಿಕೆ ಸಿಕ್ಕಿತು. ಅದು ಹೊಸ ಜಾತಿ ಅಂತ ಗುರುತಿಸಿ 1874ರಲ್ಲಿ ವಿವರ ಪ್ರಕಟಿಸಿದರು. ಗೋಕಾಕ ಅಂದ್ರ ಕರದಂಟು ಅಂದುಕೊಂಡವರು ಇನ್ನ ಮ್ಯಾಲೆ ಖಡ್ಗಮೃಗಾನೂ ನೆನಪಿಟ್ಟುಕೋರಿ.

ಅದೇ 1874ರಲ್ಲಿ ಅವರು ಡಂಬಳದ ಗುಡ್ಡಗಳ ಬಗ್ಗೆ ಬರೆದರು. ಡಂಬಳದ ಗುಡ್ಡ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಕಪ್ಪತಗುಡ್ಡ. ಗದಗ ಆಗ ಧಾರವಾಡ ಜಿಲ್ಲೆಯೊಳಗೇ ಇತ್ತು, 1997ರವರೆಗೂ ಇತ್ತು. ಆ ಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಚಿನ್ನದ ಪುಡಿ ಸಿಗುತ್ತದೆ ಅನ್ನೋದು ಇಲ್ಲಿನವರಿಗೆ ಮೊದಲಿಂದಲೂ ಗೊತ್ತಿತ್ತು. ಜಾಲಗಾರರು ಅಂತ ಒಂದು ಜನ ಇದ್ದರು. ಮಳೆ ಬಿದ್ದು ಹಳ್ಳ ಹರಿದ ಮೇಲೆ ಮರಳನ್ನು ಮರದ ತಟ್ಟೆಯಲ್ಲಿ ತೊಳೆತೊಳೆದು ತಳದಲ್ಲಿ ಉಳಿದ ಹೊಳೆಯುವ ಕಣ ಆರಿಸೋದು ಅವರ ಕಸುಬು. ಮನ್ಯಾಗ ಅಕ್ಕಿ ಜಾಲಿಸಿ ಹರಳು ತೆಗೀತಾರಲ್ಲ, ಅದೇ ಕೈಚಳಕ, ಇಲ್ಲಿ ಹರಳೇ ಬೇಕು ಅಷ್ಟೇ.

ಫೂಟ್ ಜಾಲಗಾರರ ಕಸುಬನ್ನು ನಂಬಿ ಅಲ್ಲಿಂದಲೇ ಶುರುಮಾಡಿದರು ಅನ್ನೋದು ನಮಗೆ ತುಂಬ ಇಷ್ಟವಾದ ವಿಷಯ. ಯಾವ ಹಳ್ಳದಲ್ಲಿ ಚಿನ್ನ ಬೀಳುತ್ತದೆ, ಯಾವುದರಲ್ಲಿ ಬೀಳೋದಿಲ್ಲ ಅಂತ ನೋಡೋದು, ಚಿನ್ನ ಸಿಕ್ಕ ಹಳ್ಳವನ್ನು ಹಿಡಿದು ಮೇಲಕ್ಕೆ ಹೋಗೋದು, ಅದು ಯಾವ ಕಲ್ಲಿನ ಮೇಲಿಂದ ಹರಿದು ಬಂದಿದೆ ಅಂತ ಗುರುತು ಹಾಕೋದು. ಸೊರಟೂರು ಕಡೆಯ ಹಳ್ಳಗಳು ಹಸಿರು ಷಿಸ್ಟ್ ಪಟ್ಟಿಯಿಂದ ಬರುತ್ತವೆ. ಆ ಪಟ್ಟಿಯ ತುಂಬ ಬೆಣಚುಕಲ್ಲಿನ ಬಿಳಿ ಸಿರೆಗಳು. ಇಂದಿನ ಭಾಷೆಯಲ್ಲಿ ಹೇಳಬೇಕಂದರೆ ಔಟ್‌ಪುಟ್ ನೋಡಿ ಸೋರ್ಸ್ ಡೀಬಗ್ ಮಾಡಿದಂಗ. ಒಂದೇ ಬೇಜಾರು. ನಮಗೆ ಸಿಕ್ಕ ಬರಹಗಳಲ್ಲಿ ಫೂಟ್ ಹೆಸರಿದೆ, ಹಳ್ಳದ ಹೆಸರಿದೆ, ಮರಳು ತೊಳೆದು ತೋರಿಸಿದ ಒಬ್ಬ ಜಾಲಗಾರನ ಹೆಸರೂ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಈ ಬಿಳಿ ಸಿರೆ ಅಂದರೆ ಏನು ಅಂತ ಹೇಳಿಬಿಡ್ತೀವಿ. ಇಲ್ಲದಿದ್ದರೆ ಮುಂದಿನ ಜಗಳ ಅರ್ಥ ಆಗೋದಿಲ್ಲ.

ಭೂಮಿಯೊಳಗೆ ಹಲವು ಕಿಲೋಮೀಟರ್ ಆಳದಲ್ಲಿ ಕಲ್ಲು ಒತ್ತಡಕ್ಕೆ ಬಿರಿಯುತ್ತದೆ. ಆ ಬಿರುಕಿನೊಳಗೆ ನೀರು ನುಗ್ಗುತ್ತದೆ. ನಲ್ಲಿ ನೀರಲ್ಲ ಅದು, 200ರಿಂದ 400 ಡಿಗ್ರಿ ಬಿಸಿ ಇರುವ, ಒತ್ತಡದಿಂದಾಗಿ ಆವಿಯಾಗದೆ ಉಳಿದಿರುವ ನೀರು. ಸಿಲಿಕಾ, ಗಂಧಕ, ಇಂಗಾಲದ ಡೈಆಕ್ಸೈಡ್, ಕೆಲವೊಮ್ಮೆ ಚಿನ್ನ, ಎಲ್ಲವನ್ನೂ ಕರಗಿಸಿ ಹೊತ್ತುಕೊಂಡು ಬಂದಿರುತ್ತದೆ. ಬಿರುಕು ಬಾಯಿ ಬಿಟ್ಟ ಕೂಡಲೇ ಒತ್ತಡ ಇಳಿಯುತ್ತದೆ, ಸಿಲಿಕಾ ಬೆಣಚುಕಲ್ಲಾಗಿ ಗೋಡೆಗೆ ಹತ್ತಿಕೊಳ್ಳುತ್ತದೆ, ಬಿರುಕು ಮುಚ್ಚುತ್ತದೆ. ಮತ್ತೆ ಒತ್ತಡ ಏರುತ್ತದೆ, ಮತ್ತೆ ಬಿರಿಯುತ್ತದೆ. ಒಂದೇ ಸಿರೆಯಲ್ಲಿ ಹೀಗೆ ಹತ್ತಾರು ಸಲ ಬಿರಿದು ಮುಚ್ಚಿದ ಪದರ ಕಾಣಬಹುದು. ಆಮೇಲೆ ಎಷ್ಟೋ ಕಾಲಕ್ಕೆ, ಕಲ್ಲು ಮೇಲೆ ಬಂದು ತಣ್ಣಗಾದ ಮೇಲೆ ಆಗುವ ಹೊಸ ಬಿರುಕಿನಲ್ಲಿ ಕ್ಯಾಲ್ಸೈಟ್ ತುಂಬಿಕೊಳ್ಳುತ್ತದೆ. ಯಾವ ಬಿರುಕಿನಲ್ಲಿ ಯಾವ ಖನಿಜ ಇದೆ ಅನ್ನೋದು ಆ ಹೊತ್ತಿಗೆ ಅಲ್ಲಿ ಎಷ್ಟು ಬಿಸಿ ಇತ್ತು, ಎಂಥ ನೀರು ಹರೀತಿತ್ತು ಅಂತ ಹೇಳುತ್ತದೆ.

ಯಾವುದು ಮೊದಲು ಯಾವುದು ಆಮೇಲೆ ಅಂತ ಕಂಡುಹಿಡಿಯೋದು ಹೇಗೆ? ಹುಬ್ಬಳ್ಳಿ-ಧಾರವಾಡದ ರಸ್ತೆ ನೋಡಿದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಮೊದಲು ಡಾಂಬರು ಹಾಕ್ತಾರೆ. ಮುಂದಿನ ತಿಂಗಳು ಪೈಪಿಗಾಗಿ ಉದ್ದಕ್ಕೆ ಅಗೆದು ಕಾಂಕ್ರೀಟ್ ತುಂಬ್ತಾರೆ. ಅದರ ಮುಂದಿನ ತಿಂಗಳು ಕೇಬಲಿಗಾಗಿ ಅಡ್ಡ ಅಗೆದು ಮಣ್ಣು ಮುಚ್ಚಿ ಹೋಗ್ತಾರೆ. ಮಣ್ಣಿನ ಪಟ್ಟಿ ಕಾಂಕ್ರೀಟನ್ನು ಕಡಿದಿದೆ, ಕಾಂಕ್ರೀಟು ಡಾಂಬರನ್ನು ಕಡಿದಿದೆ. ತಾರೀಖು ಗೊತ್ತಿಲ್ಲದಿದ್ದರೂ ಯಾರು ಹಿರಿಯರು ಯಾರು ಕಿರಿಯರು ಅಂತ ಹೇಳಬಹುದು. ಕಲ್ಲಿನಲ್ಲೂ ಅಷ್ಟೇ. ಕಡಿದದ್ದು ಕಿರಿಯದು, ಕಡಿಸಿಕೊಂಡದ್ದು ಹಿರಿಯದು.

ಫೂಟ್ ಕೈಯಲ್ಲಿ ಇದ್ದದ್ದು ಇಷ್ಟೇ. ಇಸವಿ ಹೇಳುವ ಯಾವ ಯಂತ್ರವೂ ಆಗ ಇರಲಿಲ್ಲ, ವಿಕಿರಣಶೀಲತೆಯೇ ಗೊತ್ತಿರಲಿಲ್ಲ. ಮಜಾ ಅಂದರೆ, ಅವರು ಇಲಾಖೆಗೆ ಸೇರಿದ 1858ರಲ್ಲೇ ಇಂಗ್ಲೆಂಡಿನಲ್ಲಿ ಹೆನ್ರಿ ಸಾರ್ಬಿ ಎಂಬವರು ಹರಳುಗಳೊಳಗೆ ಸಿಕ್ಕಿಕೊಂಡ ನೀರಿನ ಸಣ್ಣ ಗುಳ್ಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದು ಪ್ರಬಂಧ ಪ್ರಕಟಿಸಿದ್ದರು. ಬೆಣಚುಕಲ್ಲು ಹಾಲಿನಂಗ ಕಾಣೋದೇ ಇಂಥ ಲೆಕ್ಕವಿಲ್ಲದಷ್ಟು ಗುಳ್ಳೆಗಳಿಂದ. ಹರಳನ್ನು ಮೆಲ್ಲಗೆ ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಗುಳ್ಳೆಯೊಳಗಿನ ಆವಿ ಮತ್ತು ನೀರು ಒಂದಾಗುತ್ತವೆ. ಆ ಹರಳು ಹುಟ್ಟುವಾಗ ಕನಿಷ್ಠ ಅಷ್ಟು ಬಿಸಿ ಇತ್ತು ಅಂತ ಅರ್ಥ. ಇಂದಿಗೂ ಪ್ರಯೋಗಾಲಯಗಳಲ್ಲಿ ಇದನ್ನೇ ಮಾಡ್ತಾರೆ. ಫಿನ್‌ಲೆಂಡಿನ ಓಲ್ಕಿಲುವೋಟೋದಲ್ಲಿ ಅಣುತ್ಯಾಜ್ಯ ಹೂಳಲು ನೆಲದಾಳದ ಹಳೇ ಕಲ್ಲನ್ನು ಆರಿಸುವಾಗಲೂ ಬಿರುಕುಗಳ ಕ್ಯಾಲ್ಸೈಟ್ ಓದಿಯೇ ಹಿಂದೆ ಅಲ್ಲಿ ಎಂಥ ನೀರು ಓಡಾಡಿತ್ತು ಅಂತ ತಿಳಿದುಕೊಂಡರು.

ಮತ್ತೆ ಫೂಟ್ ಕಥೆಗೆ ಬರೋಣ. 1880ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಚಿನ್ನದ ಹುಚ್ಚು ಹಿಡಿಯಿತು. ವಯನಾಡಿನಲ್ಲಿ ಚಿನ್ನ ಇದೆ ಅಂತ ಲಂಡನ್ನಿನಲ್ಲಿ ಕಂಪನಿ ಮೇಲೆ ಕಂಪನಿ ಎದ್ದವು, ಶೇರು ಮಾರಿದವು, ಸ್ವಲ್ಪ ವರ್ಷಕ್ಕೇ ಮುಳುಗಿದವು. ಈಗಿನ ಕ್ರಿಪ್ಟೋ ಕಥೆ ಓದಿದಂಗ ಅನಿಸತೈತಿ. ಅದೇ ಹೊತ್ತಿಗೆ ಕೋಲಾರದಲ್ಲೂ ಕಂಪನಿಗಳು ಹಣ ಸುರಿದು ಕೈಸುಟ್ಟುಕೊಂಡಿದ್ದವು. ಕೊನೆಗೆ ಅಲ್ಲಿ ಚಾಂಪಿಯನ್ ಸಿರೆ ಸಿಕ್ಕಿತು. ಅದೂ ಬೆಣಚುಕಲ್ಲಿನದೇ ಸಿರೆ. ಅದನ್ನು ಬೆನ್ನು ಹತ್ತಿ ಮುಂದೆ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದರು. 2001ರಲ್ಲಿ ಆ ಗಣಿ ಮುಚ್ಚಿತು.

ಇಂಥ ಹೊತ್ತಿನಲ್ಲಿ ಎಲ್ಲ ಕಡೆ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ. ಬೆಣಚುಕಲ್ಲಿನ ಸಿರೆ ದೇಶದ ತುಂಬ ಇದೆ, ಚಿನ್ನ ಮಾತ್ರ ಕೆಲವದರಲ್ಲೇ ಯಾಕೆ? ತಪ್ಪು ಸಿರೆ ಆರಿಸಿದರೆ ಸಾವಿರಾರು ಜನರ ದುಡ್ಡು ಮಣ್ಣುಪಾಲು. ಫೂಟ್ ಮೈಸೂರು ಸಂಸ್ಥಾನದ ಚಿನ್ನದ ಜಾಗಗಳನ್ನು ಒಂದಾದ ಮೇಲೊಂದು ನೋಡಿದರು. ಆ ಸುತ್ತಾಟದ ಟಿಪ್ಪಣಿ 1882ರಲ್ಲಿ ಬಂತು, 1887ರಲ್ಲಿ ಮತ್ತೆ ಸಂಸ್ಥಾನದ ಉದ್ದಗಲ ನಡೆದು ವರದಿ ಕೊಟ್ಟರು. ಬಳ್ಳಾರಿ, ಅನಂತಪುರ, ರಾಯಚೂರು ಕಡೆಯ ನಕ್ಷೆಗಳೂ ಕೈಯಲ್ಲಿದ್ದವು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕಪ್ಪತಗುಡ್ಡದ ಹಳ್ಳದಲ್ಲಿ ಕಂಡದ್ದೇ ಎಲ್ಲ ಕಡೆ ಕಂಡಿತು. ಚಿನ್ನ ಇರುವ ಸಿರೆಗಳು ಹಸಿರು ಷಿಸ್ಟ್, ಕಬ್ಬಿಣದ ಪಟ್ಟೆಗಲ್ಲು ಇರುವ ಪಟ್ಟಿಗಳಲ್ಲೇ ಇದ್ದವು. ಸುತ್ತಲಿನ ನೈಸ್ ಕಲ್ಲಿನ ಬಯಲಲ್ಲಿ ಸಿರೆ ಇದ್ದರೂ ಚಿನ್ನದ ಸುಳಿವು ಕಡಿಮೆ.

ಯಾಕೆ ಹೀಗೆ ಅಂತ ಇವತ್ತಿನ ಕೆಮಿಸ್ಟ್ರಿ ಹೇಳುತ್ತದೆ. ಆಳದ ಬಿಸಿನೀರಿನಲ್ಲಿ ಚಿನ್ನ ಗಂಧಕದ ಕೈ ಹಿಡಿದುಕೊಂಡು ಬರುತ್ತದೆ. ದಾರಿಯಲ್ಲಿ ಕಬ್ಬಿಣ ಜಾಸ್ತಿ ಇರುವ ಕಲ್ಲು ಸಿಕ್ಕರೆ ಗಂಧಕ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಗುತ್ತದೆ. ಒಂಟಿಯಾದ ಚಿನ್ನ ಅಲ್ಲೇ ಕೂತುಬಿಡುತ್ತದೆ. ಹಸಿರು ಷಿಸ್ಟಿನಲ್ಲಿ, ಪಟ್ಟೆಗಲ್ಲಿನಲ್ಲಿ ಕಬ್ಬಿಣ ತುಂಬಾ ಇದೆ. ಫೂಟ್ ಅವರಿಗೆ ಕಾರಣ ಗೊತ್ತಿರಲಿಲ್ಲ. ನಡೆದು ನಡೆದು ಸಂಬಂಧ ಮಾತ್ರ ಸರಿಯಾಗಿ ಹಿಡಿದಿದ್ದರು.

ಈ ಎಲ್ಲ ಪಟ್ಟಿಗಳೂ ಒಂದೇ ಕುಟುಂಬ ಅಂತ ಅವರು ತೀರ್ಮಾನಿಸಿದರು. ಒಂದು ಕಾಲಕ್ಕೆ ಅಗಲವಾಗಿ ಹರಡಿದ್ದ ಪದರಗಳು ಮಡಚಿಕೊಂಡು, ಸವೆದು, ಈಗ ನೈಸ್ ಕಲ್ಲಿನ ನಡುವೆ ಉದ್ದುದ್ದ ಪಟ್ಟಿಗಳಾಗಿ ಉಳಿದಿವೆ. ಆ ಕುಟುಂಬಕ್ಕೆ ಧಾರವಾರ್ ವ್ಯವಸ್ಥೆ ಅಂತ ಹೆಸರಿಟ್ಟು, ದಕ್ಷಿಣ ಭಾರತದ ಮುಖ್ಯ ಚಿನ್ನದ ಶಿಲಾಸರಣಿ ಇದು ಅಂತ 1888ರಲ್ಲಿ ಪ್ರಕಟಿಸಿದರು. ಕೋಲಾರ್ ವ್ಯವಸ್ಥೆ ಅಂತಲೂ ಇಡಬಹುದಿತ್ತು, ಆಗ ಹಣ ಇದ್ದದ್ದು ಅಲ್ಲೇ. ಅವರು ಆರಿಸಿಕೊಂಡದ್ದು ನಮ್ಮ ಜಿಲ್ಲೆಯ ಹೆಸರು.

ಹೆಸರಿನ ಜೊತೆ ಇನ್ನೊಂದು ಮಾತನ್ನೂ ಹೇಳಿದ್ದರು, ನಮ್ಮ ದೃಷ್ಟಿಯಲ್ಲಿ ಅದೇ ದೊಡ್ಡದು. ಧಾರವಾಡದ ಕಲ್ಲುಗಳು ನೈಸ್ ಕಲ್ಲಿಗಿಂತ ಕಿರಿಯವು, ನೈಸ್ ಕೆಳಗಿನ ತಳಪಾಯ, ಅದು ಸವೆದ ಮೇಲೆ ಅದರ ಮೇಲೆ ಇವು ಕೂತಿವೆ ಅಂತ. ಇದು ನೆನಪಿರಲಿ.

ಬಳ್ಳಾರಿ ಕಡೆ ಅವರು ಇನ್ನೊಂದು ಬಗೆಯ ಬಿರುಕನ್ನೂ ಓದಿದರು. ಕೆಲವು ಬಿರುಕುಗಳಿಗೆ ಬಿಸಿನೀರಿನ ಬದಲು ಕರಗಿದ ಶಿಲಾಪಾಕವೇ ನುಗ್ಗಿ ಗಟ್ಟಿಯಾಗಿರುತ್ತದೆ. ಅದು ಡೈಕ್, ಕಪ್ಪು ಗೋಡೆಯಂತೆ ಗುಡ್ಡವನ್ನು ಸೀಳಿಕೊಂಡು ಹೋಗಿರುತ್ತದೆ. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಈ ಡೈಕಿನ ಡಾಲರೈಟ್ ಕಲ್ಲನ್ನೇ ಒಡೆದು, ಉಜ್ಜಿ ಕೊಡಲಿ ಮಾಡ್ತಿದ್ದರು. ಅಲ್ಲಿ ಗುಡ್ಡದ ಮೇಲೆ ಕೊಡಲಿಯ ಕಾರ್ಖಾನೆಯೇ ಇತ್ತು ಅಂತ ಗುರುತಿಸಿದವರು ಫೂಟ್. ಅರ್ಧಂಬರ್ಧ ಮಾಡಿ ಬಿಟ್ಟ ಕೊಡಲಿ, ಚಕ್ಕೆಗಳ ರಾಶಿ, ಉಜ್ಜಿದ ಗುಂಡಿ, ಎಲ್ಲ ಹಾಗೇ ಬಿದ್ದಿದ್ದವು. ಭೂವಿಜ್ಞಾನಿ ಬೇರೆ, ಪುರಾತತ್ವಜ್ಞ ಬೇರೆ ಅಂತ ನಾವು ಬ್ರಾಂಚ್ ಮಾಡಿಕೊಂಡಿದ್ದೀವಿ. ಅವರಿಗೆ ಎರಡೂ ಒಂದೇ ನಡಿಗೆಯ ಕೆಲಸ. ಈ ಕೊಡಲಿಯ ಕಲ್ಲು ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ ಚಿನ್ನದ ಹಳ್ಳದಲ್ಲೇ ಬಂದಿತ್ತೇನೋ.

1891ರಲ್ಲಿ ಜಿಎಸ್‌ಐನಿಂದ ನಿವೃತ್ತಿ. ಊರಿಗೆ ಹೋಗಿ ಆರಾಮಾಗಿ ಇರಲಿಲ್ಲ. ಬರೋಡಾ ಸಂಸ್ಥಾನಕ್ಕೆ ಭೂವಿಜ್ಞಾನಿಯಾಗಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಶುರುಮಾಡಿದಾಗ ಅದರ ಮೊದಲ ಮುಖ್ಯಸ್ಥರಾದರು. ಬಳ್ಳಾರಿ ಜಿಲ್ಲೆಯ ಮೇಲಿನ ದೊಡ್ಡ ವರದಿ 1895ರಲ್ಲಿ ಹೊರಬಂತು. ಸಂಡೂರಿನ ಕಬ್ಬಿಣದ ಗುಡ್ಡಗಳ ವಿವರ ಅದರಲ್ಲಿದೆ. ಆ ಗುಡ್ಡಗಳಿಗೆ ನೂರು ವರ್ಷದ ಮೇಲೆ ಏನಾಯಿತು ಅಂತ ಪೇಪರ್ ಓದಿದವರಿಗೆಲ್ಲ ಗೊತ್ತು.

ಮನೆಯ ವಿಷಯ ಸ್ವಲ್ಪ ಹೇಳಬೇಕು. ಮೊದಲ ಹೆಂಡತಿ ಪೀಟರ್ ಪರ್ಸಿವಲ್ ಎಂಬ ಪಾದ್ರಿಯ ಮಗಳು. ಪರ್ಸಿವಲ್ ತಮಿಳು ಬಲ್ಲ ವಿದ್ವಾಂಸರು. ಆಕೆ ತೀರಿಕೊಂಡ ಮೇಲೆ ಫೂಟ್ ಇನ್ನೊಂದು ಮದುವೆಯಾದರು. ಮಗ ಹೆನ್ರಿ ಸೈನ್ಯದಲ್ಲಿದ್ದ. 1884ರ ಸುಮಾರಿಗೆ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳ ಉತ್ಖನನದಲ್ಲಿ ಅಪ್ಪ ಮಗ ಇಬ್ಬರೂ ಇದ್ದರು. ಕೊನೆಯ ವರ್ಷಗಳನ್ನು ಫೂಟ್ ಕಳೆದದ್ದು ಸೇಲಂ ಹತ್ತಿರದ ಯೆರ್ಕಾಡ್ ಬೆಟ್ಟದಲ್ಲಿ, ಐವಿ ಕಾಟೇಜ್ ಎಂಬ ಮನೆಯಲ್ಲಿ. ನಲವತ್ತು ವರ್ಷ ಹೆಕ್ಕಿದ ಕೊಡಲಿ, ಮಡಕೆ ಚೂರು, ಬಳೆ ತುಂಡುಗಳ ರಾಶಿಯನ್ನು 1904ರಲ್ಲಿ ಮದ್ರಾಸ್ ಸರ್ಕಾರ ಕೊಂಡು ಎಗ್ಮೋರಿನ ಮ್ಯೂಸಿಯಮ್ಮಿಗೆ ಕೊಟ್ಟಿತು. ಒಂದೊಂದು ವಸ್ತುವೂ ಎಲ್ಲಿ ಸಿಕ್ಕಿತು ಅಂತ ಪಟ್ಟಿ ಬರೆಯೋದರಲ್ಲಿ ಅವರ ಮುಪ್ಪು ಕಳೆಯಿತು. 1912ರ ಡಿಸೆಂಬರ್ 29ರಂದು ಕಲ್ಕತ್ತಾದಲ್ಲಿ ತೀರಿಕೊಂಡಾಗ ವಯಸ್ಸು 78. ಆ ಪಟ್ಟಿ 1914ರಲ್ಲಿ, ಅದರ ಟಿಪ್ಪಣಿ 1916ರಲ್ಲಿ ಅಚ್ಚಾಯಿತು. ಎರಡನ್ನೂ ಅವರು ನೋಡಲಿಲ್ಲ.

ಅದೇ 1916ರಲ್ಲಿ ಇನ್ನೊಂದು ಪುಸ್ತಕವೂ ಬಂತು. ಫೂಟ್ ಕಟ್ಟಿದ ಮೈಸೂರು ಇಲಾಖೆಗೆ ಆಮೇಲೆ ಮುಖ್ಯಸ್ಥರಾದ ಡಬ್ಲ್ಯೂ. ಎಫ್. ಸ್ಮೀತ್ ಮೈಸೂರಿನ ಭೂ ಇತಿಹಾಸದ ರೂಪರೇಖೆ ಬರೆದರು. ಅದರಲ್ಲಿ ಲೆಕ್ಕ ತಲೆಕೆಳಗಾಗಿತ್ತು. ಧಾರವಾಡದ ಕಲ್ಲುಗಳೇ ಎಲ್ಲಕ್ಕಿಂತ ಹಳೆಯವು, ನೈಸ್ ಆಮೇಲೆ ಕರಗಿದ ಪಾಕವಾಗಿ ಬಂದು ಅವುಗಳೊಳಗೆ ನುಗ್ಗಿತು ಅನ್ನೋದು ಸ್ಮೀತ್ ವಾದ. ಅವರೇನು ಸುಮ್ಮನೆ ಹೇಳಿದ್ದಲ್ಲ. ಮೈಸೂರಿನ ದಕ್ಷಿಣಕ್ಕೆ ಹೋದರೆ ನೈಸ್ ಕಲ್ಲು ಷಿಸ್ಟಿನ ತುಂಡುಗಳನ್ನು ನುಂಗಿರೋದು, ಅದರ ಬಿರುಕುಗಳಿಗೆ ನುಗ್ಗಿರೋದು ಕಣ್ಣಿಗೆ ಕಾಣುತ್ತದೆ. ಕಡಿದದ್ದು ಕಿರಿಯದು, ಅದೇ ರಸ್ತೆಯ ನಿಯಮ! ನಿಯಮ ಒಂದೇ, ಉತ್ತರ ಉಲ್ಟಾ. ಬೆಣಚು ಉಂಡೆಗಳಿರುವ ಜಲ್ಲಿಗಲ್ಲುಗಳನ್ನು ಏನು ಮಾಡೋದು ಅಂತ ಕೇಳಿದರೆ, ಅವು ನದಿಯ ಜಲ್ಲಿ ಅಲ್ಲ, ಒತ್ತಡಕ್ಕೆ ಪುಡಿಯಾದ ಕಲ್ಲು ಅಂತ ಆ ಇಲಾಖೆಯ ವಿವರಣೆ ಇತ್ತು. ಉತ್ತರ ಕೊಡಲು ಫೂಟ್ ಇರಲಿಲ್ಲ. ದಶಕಗಳ ಕಾಲ ಪುಸ್ತಕಗಳಲ್ಲಿ ಸ್ಮೀತ್ ಕ್ರಮವೇ ನಡೆಯಿತು.

ಜಗಳ ಬಗೆಹರಿಯಲು ಮತ್ತೆ ನಡೆದು ನೋಡುವವರೇ ಬೇಕಾಯಿತು. ಬಾಬಾಬುಡನ್ ಪಟ್ಟಿಯ ಕಲ್ದುರ್ಗದಲ್ಲಿ ಜಲ್ಲಿಗಲ್ಲಿನೊಳಗೆ ನೈಸ್, ಗ್ರಾನೈಟ್ ಜಾತಿಯ ಉರುಟು ಗುಂಡುಗಳೇ ಇವೆ. ಮಗುವಿನ ಕೈಯಲ್ಲಿ ಅಜ್ಜನ ಉಂಗುರ ಇದ್ದಂಗ ಅದು, ಅಜ್ಜ ಮೊದಲು ಇರಲೇಬೇಕಲ್ಲ. 1970ರ ದಶಕದಿಂದ ಜಿಎಸ್‌ಐನ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಸೇರಿ ಕೆಲಸ ಮಾಡಿ 1981ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗಂಟು ಬಿಡಿಸಿದರು. ಷಿಸ್ಟ್‌ಗಳಲ್ಲಿ ಎರಡು ತಲೆಮಾರು ಇವೆ. ಸರಗೂರು ಕಡೆಯವು ನೈಸ್‌ಗೆ ಹಿರಿಯವು, ಸ್ಮೀತ್ ನೋಡಿದ ತುಂಡುಗಳು ಅಂಥವು. ಧಾರವಾಡದ್ದು ನೈಸ್ ಮೇಲೆ ಕೂತ ಕಿರಿಯ ಕುಟುಂಬ. ಎರಡನ್ನೂ ಒಂದೇ ಅಂದುಕೊಂಡದ್ದರಿಂದ ಇಷ್ಟು ವರ್ಷದ ಜಗಳ. ಫೂಟ್ ಕೂಡ ಎರಡನ್ನು ಬೇರೆ ಮಾಡಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಧಾರವಾಡಕ್ಕೆ ಧಾರವಾಡದ ಮಟ್ಟಿಗೆ ಅವರ ಕ್ರಮವೇ ಸರಿ ಇತ್ತು.

ಆಮೇಲೆ ಇಸವಿಗಳೂ ಬಂದವು. ತಳದ ನೈಸ್‌ಗೆ 300 ಕೋಟಿ ವರ್ಷಕ್ಕಿಂತ ಹೆಚ್ಚು, ಅದರ ಮೇಲಿನ ಧಾರವಾಡದ ಪದರಗಳಿಗೆ ಸುಮಾರು 290ರಿಂದ 260 ಕೋಟಿ ವರ್ಷ. ಉಳಿದದ್ದು ಬಿಳಿ ಸಿರೆ. ಬೆಣಚುಕಲ್ಲಿನೊಳಗೆ ಗಡಿಯಾರ ಇಲ್ಲ, ವಯಸ್ಸು ಹೇಳುವಷ್ಟು ಯುರೇನಿಯಂ ಅದರಲ್ಲಿ ಇರೋದಿಲ್ಲ. ಆದರೆ ಗದಗ ಕಡೆಯ ಚಿನ್ನದ ಅದಿರಿನಲ್ಲಿ ಅದೇ ಬಿಸಿನೀರಿನಿಂದ ಹುಟ್ಟಿದ ಮೊನಜೈಟ್, ಜೆನೋಟೈಮ್ ಎಂಬ ಧೂಳಿನಷ್ಟು ಸಣ್ಣ ಹರಳುಗಳಿವೆ. ಅವುಗಳಲ್ಲಿ ಯುರೇನಿಯಂ ಸೀಸವಾಗುತ್ತ ಎಷ್ಟು ಕಾಲ ಆಯಿತು ಅಂತ ಅಳೆದು ಭಾರತ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಸುಮಾರು 252 ಕೋಟಿ ವರ್ಷ. ಮೊದಲು ನೈಸ್, ಆಮೇಲೆ ಷಿಸ್ಟ್, ಕೊನೆಗೆ ಅದನ್ನು ಕಡಿದ ಸಿರೆ. ಹಳ್ಳ ಹಿಡಿದು ನಡೆದವರು ಹೇಳಿದ ಸರದಿಯೇ ಅಂಕಿಯಲ್ಲೂ ಬಂತು.

ಫೆಬ್ರವರಿಯಲ್ಲಿ ನಾವು ಏಳು ಮಂದಿ ಕಪ್ಪತಗುಡ್ಡಕ್ಕೆ ಹೋಗಿದ್ದೆವು. ಗದಗವರೆಗೆ ಬಸ್ಸು, ಮುಂದೆ ಬಾಡಿಗೆ ಗಾಡಿ. ಮ್ಯಾಲೆ ಗಾಳಿಯಂತ್ರಗಳು ತಿರುಗ್ತಿದ್ದವು. 2019ರಿಂದ ಅದು ವನ್ಯಜೀವಿಧಾಮ, ಕಲ್ಲು ಒಡೆಯೋ ಹಂಗಿಲ್ಲ, ಸುತ್ತಿಗೆ ಕಾಲೇಜಿನಲ್ಲೇ ಬಿಟ್ಟಿದ್ದೆವು. ಒಣಗಿದ ಹಳ್ಳವೊಂದರಲ್ಲಿ ಹಸಿರು ಕಲ್ಲಿನ ಮೇಲೆ ಎರಡು ಬೆರಳು ಅಗಲದ ಬಿಳಿ ಸಿರೆ, ಅದನ್ನು ಓರೆಯಾಗಿ ಕಡಿದು ಹೋದ ಇನ್ನೊಂದು ಸಣ್ಣ ಗೆರೆ. ದಪ್ಪನೆಯದು ಹಿರಿಯದು, ಸಣ್ಣದು ಕಿರಿಯದು ಅಂತ ಏಳೂ ಮಂದಿ ಒಟ್ಟಿಗೇ ಕೂಗಿದೆವು. ಸಣ್ಣದು ಕ್ಯಾಲ್ಸೈಟ್ ಇರಬಹುದೇ ಅಂತ ವಾದ ಶುರುವಾಯಿತು. ಒಂದು ಹನಿ ಆಸಿಡ್ ಇದ್ದಿದ್ದರೆ ನೊರೆ ಬರುತ್ತದೋ ಇಲ್ಲವೋ ನೋಡಬಹುದಿತ್ತು. ತಂದಿರಲಿಲ್ಲ. ಹಳ್ಳದ ಮರಳನ್ನು ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಕುಡಿಯುವ ನೀರಿನಲ್ಲಿ ಜಾಲಿಸಿ ನೋಡಿದೆವು. ಏನೂ ಹೊಳೀಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀರೂ ಖಾಲಿ.

ಮರುದಿನ ಲ್ಯಾಬಿಗೆ ಹೋಗಿ 17ನೇ ನಂಬರಿನ ಕೆಳಗೆ ಹೊಸ ಚೀಟಿ ಅಂಟಿಸಿದೆವು. ಕ್ಲೋರೈಟ್ ಷಿಸ್ಟ್, ಅದನ್ನು ಕಡಿದ ಬೆಣಚುಕಲ್ಲಿನ ಸಿರೆ, ಸಿರೆ ಕಿರಿಯದು. ಸಿಕ್ಕ ಜಾಗ ಅನ್ನುವ ಕಾಲಂ ಹಳೇ ಚೀಟಿಯಲ್ಲೂ ಖಾಲಿ ಇತ್ತು, ಹೊಸದರಲ್ಲೂ ಖಾಲಿ ಬಿಡಬೇಕಾಯಿತು. ಲ್ಯಾಬ್ ಅಟೆಂಡರ್ ಅಣ್ಣ ಬಂದು ಓದಿ ನಕ್ಕು, ಮುಂದಿನ ವಾರ ಇನ್‌ಸ್ಪೆಕ್ಷನ್ ಐತಿ, ಕೆಳಗ ಇಂಗ್ಲಿಷಿನ್ಯಾಗೂ ಬರೀರಿ ಅಂದರು.